ಮೂರು ಸಲ ತೊಳೆದ ಡಬ್ಬಿ

ಗಡಿ

ಮೈಸೂರಿನ ನಮ್ಮ ಮನೆಯಿಂದ ಕಾರಿನಲ್ಲಿ ಹೊರಟರೆ, ಬೆಳಗ್ಗೆ ತಿಂದ ಅವಲಕ್ಕಿ ಅರಗುವ ಮೊದಲೇ ಮಸಿನಗುಡಿ ಬಂದುಬಿಡುತ್ತದೆ. ಇದನ್ನು ವಿದೇಶ ಪ್ರವಾಸ ಅಂತ ಬರೆದರೆ ನೀವು ನಗುತ್ತೀರಿ. ನಗಿ. ನನ್ನ ವಾರಗಿತ್ತಿ ಸಿಂಗಪುರಕ್ಕೆ ಹೋಗಿ ಬಂದಳು, ಅವಳ ಚೀಲವನ್ನು ಅಲ್ಲಿ ಯಾರೂ ಬಿಚ್ಚಿಸಲಿಲ್ಲವಂತೆ. ನನ್ನ ಚೀಲವನ್ನು ಬಂಡೀಪುರದ ಕಾಡು ದಾಟಿದ ಕೂಡಲೇ ತಮಿಳುನಾಡಿನ ಗಡಿಯಲ್ಲಿ ಒಳಲಂಗದವರೆಗೆ ಬಿಚ್ಚಿಸಿದರು. ಆ ಬೆಟ್ಟದ ಸೀಮೆಗೆ ಪ್ಲಾಸ್ಟಿಕ್ ಬಾಟಲಿ, ಕವರು ಒಯ್ಯುವ ಹಾಗಿಲ್ಲ. ಒಳಗೆ ಹೋಗುವುದಕ್ಕೆ ಇ-ಪಾಸ್ ಬೇರೆ ತೋರಿಸಬೇಕು. ಯಾವುದು ವಿದೇಶ ಅಂತ ನೀವೇ ಹೇಳಿ.

ನಾನು ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಆದ ಅವಮಾನದ ತೂಕ ನಿಮಗೆ ಗೊತ್ತಾಗುವುದಿಲ್ಲ. ನನ್ನ ಹೆಸರು ಸರೋಜ. ನಮ್ಮ ಬಡಾವಣೆಯ ಮಹಿಳಾ ಸಂಘದ ಕಾರ್ಯದರ್ಶಿ. ಹಸಿ ಕಸ ಯಾವುದು, ಒಣ ಕಸ ಯಾವುದು, ಮೊಸರಿನ ಲೋಟವನ್ನು ತೊಳೆಯದೆ ಎಸೆಯುವವರು ಎಂಥ ಮನುಷ್ಯರು ಎಂದು ಮನೆ ಮನೆಗೆ ಹೋಗಿ ಹೇಳುವವಳು ನಾನೇ. ನಾನು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಎದುರು ಮನೆಯವರು ಗೇಟಿನಲ್ಲಿಟ್ಟ ಬುಟ್ಟಿಯನ್ನು ಸರಕ್ಕನೆ ಒಳಗೆ ಎಳೆದುಕೊಳ್ಳುತ್ತಾರೆ. ಅಂಥವಳ ಚೀಲದಿಂದ ಗಡಿಯಲ್ಲಿ ಏನೇನು ಬಂತು ಗೊತ್ತೆ? ಎರಡು ನೀರಿನ ಬಾಟಲಿ. ಸೀರೆಗೆ ಸುತ್ತಿದ ಕವರು. ಬಾಳೆಹಣ್ಣಿನ ಕವರು. ಕೊನೆಗೆ, ಅಡುಗೆಮನೆಯ ಬಾಗಿಲ ಹಿಂದೆ ಎಲ್ಲರ ಮನೆಯಲ್ಲೂ ನೇತಾಡುತ್ತದಲ್ಲ, ಕವರುಗಳನ್ನೇ ತುಂಬಿದ ಒಂದು ಕವರು, ಅದು. ಬೇಕಾದರೆ ಇರಲಿ ಅಂತ ತಂದಿದ್ದೆ.

ತಪಾಸಣೆಗೆ ನಿಂತಿದ್ದ ಹುಡುಗಿ ಒಂದೊಂದನ್ನೇ ಮೇಜಿನ ಮೇಲಿಟ್ಟಳು. ಕವರುಗಳ ಕವರನ್ನು ಮಾತ್ರ ಎರಡೂ ಕೈಯಲ್ಲಿ ಎತ್ತಿ ಪಕ್ಕದವಳಿಗೆ ತೋರಿಸಿದಳು. ನಾನು ಅವಳಿಗೆ ನಮ್ಮ ಸಂಘದ ವಿಷಯ ಹೇಳಲು ಶುರುಮಾಡಿದೆ. ಅವಳು ಅರ್ಧ ತಮಿಳು ಅರ್ಧ ಕನ್ನಡದಲ್ಲಿ, ಬಹಳ ಸಂತೋಷ ಅಮ್ಮ, ಬಾಳೆಹಣ್ಣನ್ನು ಈ ಪೇಪರಿಗೆ ಸುತ್ತಿಕೊಳ್ಳಿ ಎಂದಳು.

ಉಳಿದದ್ದು ತೊಕ್ಕಿನ ಡಬ್ಬಿ. ನನ್ನ ತಂಗಿ ರತ್ನನಿಗೆ ಅಂತ ಮಾಡಿ ತಂದ ಹುಣಸೆಹಣ್ಣಿನ ತೊಕ್ಕು ಅದರಲ್ಲಿತ್ತು. ಬೆಲ್ಲ, ಉಪ್ಪು ಧಾರಾಳವಾಗಿ ಹಾಕಿ ಕುದಿಸಿದ್ದು. ದಪ್ಪ ಪ್ಲಾಸ್ಟಿಕ್ಕಿನ ಡಬ್ಬಿ, ಎರಡು ಪದರದ ಮುಚ್ಚಳ. ನನ್ನ ಪಾತ್ರೆ ಪಗಡಗಳು ಸಂಘದ ಕಾರ್ಯಕ್ರಮಗಳಲ್ಲಿ ಕಳೆದುಹೋಗುತ್ತವೆ ಅಂತ ಎಲ್ಲದರ ಮೇಲೂ ಕೆಂಪು ಉಗುರುಬಣ್ಣದಲ್ಲಿ ಹೆಸರು ಬರೆಯುವ ಅಭ್ಯಾಸ ನನಗೆ. ಈ ಮುಚ್ಚಳದ ಮೇಲೂ ಬರೆದಿದ್ದೆ: ಸರೋಜ, ಮೈಸೂರು. ಹುಡುಗಿ ಡಬ್ಬಿಯನ್ನು ತಟ್ಟಿ ನೋಡಿ, ಇದು ಮತ್ತೆ ಮತ್ತೆ ಬಳಸುವ ಡಬ್ಬಿ, ಪರವಾಗಿಲ್ಲ ಅಂದಳು. ಆಮೇಲೆ ನನ್ನ ಮುಖ ನೋಡಿ ನಿಧಾನವಾಗಿ ಸೇರಿಸಿದಳು.

"ಹೋಗುವಾಗ ಇದನ್ನ ವಾಪಸ್ ತಗೊಂಡು ಹೋಗಿ ಅಮ್ಮ. ಇಲ್ಲಿ ಬಿಟ್ಟು ಹೋಗಬೇಡಿ."

ಕಾರು ಹೊರಟ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮನೆಯವರು ಚಂದ್ರಣ್ಣ ಸ್ಟಿಯರಿಂಗ್ ಹಿಡಿದುಕೊಂಡು ಕಾರಿನ ಛಾವಣಿಯನ್ನು ನೋಡುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡ ಒಂದು ಸತ್ಯವೆಂದರೆ, ಈ ಮನುಷ್ಯ ಏನಾದರೂ ಬಚ್ಚಿಟ್ಟರೆ ಮೇಲೆ ನೋಡುತ್ತಾರೆ. ಕೇಳಿದೆ. ಕೋಟಿನ ಒಳಜೇಬಿನಿಂದ ಆಲೂಗೆಡ್ಡೆ ಚಿಪ್ಸಿನ ಪೊಟ್ಟಣ ಹೊರಗೆ ಬಂತು. ಗಡಿ ದಾಟಿಸಿಬಿಟ್ಟೆ ಅಂತ ಅವರಿಗೆ ಒಳಗೊಳಗೇ ಹೆಮ್ಮೆ.

ಮಸಿನಗುಡಿ, ಮಂಗಳವಾರ

ರತ್ನ ನನ್ನ ಚಿಕ್ಕಮ್ಮನ ಮಗಳು. ಅವಳ ಗಂಡನ ತಾತ ಗುಂಡ್ಲುಪೇಟೆ ಕಡೆಯಿಂದ ಬಂದು ಮಸಿನಗುಡಿಯಲ್ಲಿ ದಿನಸಿ ಅಂಗಡಿ ಇಟ್ಟವರು. ಈಗ ಅಂಗಡಿ ನೋಡಿಕೊಳ್ಳುವುದು ರತ್ನನೇ. ಮನೆ ಮುಂದೆ ಕಾರು ನಿಂತಾಗ ಹಗ್ಗದ ಮೇಲೆ ಸಾಲಾಗಿ ಕ್ಲಿಪ್ಪು ಹಾಕಿ ಏನೋ ಒಣಗಿಸಿದ್ದು ಕಂಡಿತು. ಮನೆಗೆ ಯಾವುದೋ ಕೂಸು ಬಂದಿದೆ, ಅದರ ಚಡ್ಡಿಗಳು ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಹಾಲಿನ ಕವರುಗಳು. ಒಳಮೈ ಹೊರಗೆ ತಿರುವಿ, ಒಂದೊಂದನ್ನೂ ನೀಟಾಗಿ ಬಿಡಿಸಿ ಹಾಕಿದ್ದಳು.

ಈ ಊರಿನ ಕ್ರಮ ಆವತ್ತು ಸಂಜೆ ಗೊತ್ತಾಯಿತು. ಪ್ಲಾಸ್ಟಿಕ್ ಯಾವುದೇ ಇರಲಿ, ಮೂರು ಸಲ ತೊಳೆಯಬೇಕು. ಒಂದು ಸಲ ಬರೀ ನೀರು, ಒಂದು ಸಲ ಸೀಗೆಪುಡಿ ಹಾಕಿ ಉಜ್ಜಿ, ಒಂದು ಸಲ ಬಿಸಿನೀರು. ಆಮೇಲೆ ಬಿಸಿಲು. ಆಮೇಲೆ ಮೂಸಿ ನೋಡುವುದು. ನಾನು ನಕ್ಕೆ. ಮೈಸೂರಿನಲ್ಲಿ ಒಂದು ಸಲ ತೊಳೆಯಿಸುವುದಕ್ಕೇ ನಾನು ಕೈಮುಗಿದು ಬೇಡಬೇಕು.

ರತ್ನ ನಗಲಿಲ್ಲ. ತಿಂಡಿಯ ವಾಸನೆ ಉಳಿದರೆ ಹಗಲು ಕೋತಿ ಬರುತ್ತದೆ, ಕೋತಿ ಬಂದರೆ ಬೈದು ಓಡಿಸಬಹುದು, ಆದರೆ ಆನೆಗೆ ಯಾರು ಬೈಯುತ್ತಾರೆ ಅಂತ ಕೇಳಿದಳು. ಬೀದಿಯ ಪ್ಲಾಸ್ಟಿಕ್ಕನ್ನೆಲ್ಲ ತುಂಬಿಡುವ ತಗಡಿನ ಶೆಡ್ಡು ಬೀದಿಯ ಕೊನೆಯಲ್ಲಿದೆ. ಮೊದಲು ಅದು ಬೇರೆ ಕಡೆ ಇತ್ತು, ಆನೆ ಮುರಿಯಿತು. ಅಲ್ಲಿಂದ ಎತ್ತಿ ಇನ್ನೊಂದು ಕಡೆ ಇಟ್ಟರು, ಅಲ್ಲಿಯೂ ಮುರಿಯಿತು. ಆಮೇಲೆ ಮನೆಗಳ ಪಕ್ಕದಲ್ಲಿ ಇಡುವುದಕ್ಕೆ ಯಾರೂ ಒಪ್ಪದಿದ್ದಾಗ, ಮನೆ ಮನೆಗೆ ಹೋಗಿ ಪ್ಲಾಸ್ಟಿಕ್ ಕೂಡಿಸುವ ಮಾದೇವಿ ಮುಂದೆ ಬಂದು, ವಾಸನೆ ಇರುವ ಒಂದು ಚೂರನ್ನೂ ಒಳಗೆ ಬಿಡುವುದಿಲ್ಲ, ಅದಕ್ಕೆ ನಾನು ಜವಾಬ್ದಾರಿ ಅಂದಳಂತೆ. ಆ ಒಂದು ಮಾತಿನ ಮೇಲೆ ಶೆಡ್ಡು ನಿಂತಿದೆ. ಇನ್ನೊಂದು ಸಲ ಆನೆ ಬಂದರೆ ಶೆಡ್ಡೂ ಇಲ್ಲ, ಮಾದೇವಿಗೆ ಕೆಲಸವೂ ಇಲ್ಲ. ಎಲ್ಲರೂ ಮೊದಲಿನ ಹಾಗೆ ಹಿತ್ತಲಲ್ಲಿ ಪ್ಲಾಸ್ಟಿಕ್ ಸುಟ್ಟುಕೊಂಡು ಕೆಮ್ಮುತ್ತಾ ಇರಬೇಕು.

"ಅದ್ಕೇ ನೀನು ಇರೋವರ್ಗೂ ವಸಿ ಹುಷಾರಾಗಿರಕ್ಕ," ಅಂದಳು ರತ್ನ.

ಯಾರಿಗೆ ಏನು ಹೇಳುತ್ತಿದ್ದಾಳೆ ಇವಳು ಅಂತ ನನಗೆ ಸಿಟ್ಟು ಬಂತು.

ಬುಧವಾರ

ಮಾದೇವಿ ಬರುವುದು ಬುಧವಾರ ಮತ್ತು ಶನಿವಾರ. ಐವತ್ತರ ಹತ್ತಿರದ ಹೆಂಗಸು. ಸೀರೆಯ ಮೇಲೆ ಗಂಡಸರ ಅಂಗಿ, ತಲೆಗೆ ಉಲ್ಲನ್ ಟೋಪಿ, ಹೆಗಲಿಗೆ ಅವಳಿಗಿಂತ ದೊಡ್ಡ ಚೀಲ. ಅವಳು ಬೀದಿಗೆ ಬಂದಳೆಂದರೆ ಒಂದೊಂದು ಮನೆಯವರೂ ತಮ್ಮ ಗೋಣಿಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ. ಮಾದೇವಿ ಚೀಲದ ಬಾಯಿ ಬಿಚ್ಚಿ, ಮುಖವನ್ನೇ ಒಳಗಿಟ್ಟು, ಕಣ್ಣು ಮುಚ್ಚಿ ಉಸಿರೆಳೆಯುತ್ತಾಳೆ. ಆಮೇಲೆ ತಲೆಯೆತ್ತಿ ಮನೆಯವರ ಮುಖವನ್ನು ಒಂದು ಗಳಿಗೆ ನೋಡುತ್ತಾಳೆ. ಆಮೇಲೆ ತಲೆದೂಗುತ್ತಾಳೆ. ಮನೆಯವರೂ ತಲೆದೂಗುತ್ತಾರೆ. ಡಾಕ್ಟರು ಎದೆಗೆ ಸ್ಟೆತಾಸ್ಕೋಪು ಇಟ್ಟಾಗ ಇರುವಂಥ ಮೌನ ಆಗ ಬೀದಿಯಲ್ಲಿ ಇರುತ್ತದೆ. ಎದುರುಗಡೆ ಟೀ ಅಂಗಡಿಯ ಬೆಳ್ಳಿ ಮಾಮ, ಎಪ್ಪತ್ತು ದಾಟಿದವರು, ಈ ಬೆಟ್ಟದ ಬಡಗ ಜನದ ಹಿರಿಯರು, ಅವರೂ ತಮ್ಮ ಬಿಸ್ಕತ್ತಿನ ಕವರುಗಳನ್ನು ಕಟ್ಟಿಕೊಂಡು ಮಗುವಿನ ಹಾಗೆ ನಿಂತಿದ್ದರು. ಎಲ್ಲರದೂ ಪಾಸಾಯಿತು.

ನಮ್ಮ ಸರದಿ ಬಂತು. ರತ್ನನ ಚೀಲದ ಜೊತೆ ನಮ್ಮದೂ ಒಂದು ಸಣ್ಣ ಚೀಲ ಇತ್ತು. ಮಾದೇವಿ ಮೂಸಿದಳು. ನನ್ನ ಮುಖ ನೋಡಿದಳು. ಆಮೇಲೆ ನನ್ನ ಹಿಂದೆ ನಿಂತಿದ್ದ ನಮ್ಮನೆಯವರನ್ನು ನೋಡಿದಳು. ಅವರು ಮಾಡಿನ ಹೆಂಚು ಎಣಿಸುತ್ತಿದ್ದರು.

"ಇನ್ನೊಂದ್ಸಲ ತೊಳ್ದು ಕೊಡಿ ಅಕ್ಕ," ಅಂತ ಚೀಲವನ್ನು ನನ್ನ ಕೈಗೇ ವಾಪಸು ಕೊಟ್ಟಳು.

ಇಡೀ ಬೀದಿ ನೋಡುತ್ತಿತ್ತು. ಒಳಗೆ ಹೋಗಿ ಚೀಲ ಸುರಿದರೆ ಮಧ್ಯದಲ್ಲಿ ಚಿಪ್ಸಿನ ಪೊಟ್ಟಣ, ಎಣ್ಣೆ ಸಮೇತ. ಗಂಡ ಅನ್ನುವ ಪ್ರಾಣಿಗೆ ಏನು ಹೇಳಬೇಕೋ ಅದನ್ನು ಹೇಳಿದೆ, ಇಲ್ಲಿ ಬರೆಯುವುದಿಲ್ಲ. ಆದರೆ ಆ ಹೆಂಗಸಿನ ಮೂಗಿಗೆ ಮನಸಾರೆ ಶರಣಾದೆ. ಹೊರಗೆ ಬಂದು ಮಾದೇವಿಗೆ, ನಿನ್ನ ಮೂಗಿಗೆ ಬಂಗಾರದ ಮೂಗುತಿ ಮಾಡಿಸಿ ಹಾಕಬೇಕು ಕಣೆ ಅಂದೆ. ಅವಳು ನೆಲ ನೋಡಿಕೊಂಡು ನಕ್ಕಳು. ಟೀ ಅಂಗಡಿಯಲ್ಲಿ ಬೆಳ್ಳಿ ಮಾಮ ಯಾಕೋ ಕೆಮ್ಮಿದರು.

ಪೊಟ್ಟಣವನ್ನು ಮೂರು ಸಲ ತೊಳೆದ ಮೇಲೂ ಮಾದೇವಿ ತೆಗೆದುಕೊಳ್ಳಲಿಲ್ಲ. ಒಳಗಡೆ ಬೆಳ್ಳಿ ಬಣ್ಣ ಇರುವ ಕವರನ್ನು, ಶೆಡ್ಡಿನಿಂದ ಪ್ಲಾಸ್ಟಿಕ್ ಒಯ್ಯುವ ಲಾರಿಯವನು ಮುಟ್ಟುವುದಿಲ್ಲವಂತೆ.

ಊಟಿ, ಶುಕ್ರವಾರ

ಊಟಿ ದೊಡ್ಡ ಊರು, ಅಲ್ಲಿ ಎಲ್ಲಾದರೂ ಹಾಕಬಹುದು ಅಂತ ನಮ್ಮನೆಯವರು ಆ ಪೊಟ್ಟಣವನ್ನು ಮಡಚಿ ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದರು. ಮೂವತ್ತಾರು ತಿರುವುಗಳ ಘಾಟಿ, ಹೊರಗಿನ ಕಾರುಗಳನ್ನು ಅಲ್ಲಿ ಇಳಿಯಲು ಬಿಡುವುದಿಲ್ಲ. ಪ್ರತಿ ತಿರುವಿನಲ್ಲೂ ನಾನು ಕಿಟಕಿಗೆ ತಲೆ ಕೊಟ್ಟು, ಇವತ್ತು ವಾಂತಿ ಬಂದರೆ ಹಿಡಿಯುವುದಕ್ಕೆ ಒಂದು ಕವರೂ ಇಲ್ಲವಲ್ಲ ಅಂತ ಗಡಿಯ ಹುಡುಗಿಯನ್ನು ನೆನೆಸಿಕೊಂಡೆ.

ಊಟಿಯ ಸೌಂದರ್ಯವನ್ನು ಬೇರೆಯವರು ಸಾಕಷ್ಟು ಬರೆದಿದ್ದಾರೆ. ನಾನು ನೋಡಿದ್ದು ಕಸದ ಬುಟ್ಟಿಗಳನ್ನು. ಕೆರೆಯ ಹತ್ತಿರ ಒಂದು ಹಸಿರು, ಒಂದು ನೀಲಿ. ಹಸಿರಿನದು ಹಸಿ ಕಸಕ್ಕೆ. ನೀಲಿಯ ಮುಂದೆ ಗುಡಿಸುತ್ತಿದ್ದ ಅಜ್ಜಿ ಪೊರಕೆಯನ್ನು ಅಡ್ಡ ಹಿಡಿದು, ಒಳಗೆ ಬೆಳ್ಳಿ ಇದೆಯಾ ಅಂತ ಕೇಳಿದಳು. ಅಲ್ಲಿಂದ, ವರ್ಕಿ ಅನ್ನುವ ಪದರು ಪದರಿನ ಬಿಸ್ಕತ್ತು ಮಾರುವ ಬೇಕರಿ. ವರ್ಕಿಯನ್ನು ಅವರು ಪೇಪರಿನಲ್ಲಿ ಕಟ್ಟಿಕೊಟ್ಟರು. ನಾವು ಅವರಿಗೆ ಪೊಟ್ಟಣ ಕೊಡಲು ಹೋದೆವು. ಬೇಕರಿಯವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಬಾಯಾರಿಕೆ ತಡೆಯಲಾಗಲಿಲ್ಲ. ಊಟಿಯಲ್ಲಿ ಬಾಟಲಿ ನೀರು ಮಾರುವ ಹಾಗಿಲ್ಲ. ಬದಲಿಗೆ ನಾಣ್ಯ ಹಾಕಿದರೆ ನೀರು ಬಿಡುವ ಯಂತ್ರಗಳಿವೆ. ನಮ್ಮನೆಯವರು ನಾಣ್ಯ ಹಾಕಿದರು. ನೀರು ಸುರಿಯತೊಡಗಿತು. ಆಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಹಿಡಿಯುವುದಕ್ಕೆ ಒಂದು ಲೋಟವೂ ಇರಲಿಲ್ಲ. ನಾನು ಬೊಗಸೆ ಒಡ್ಡಿದೆ, ಸೀರೆಯ ನೆರಿಗೆಯೆಲ್ಲ ಒದ್ದೆಯಾಯಿತು. ನಮ್ಮನೆಯವರು ಜೀವಮಾನದಲ್ಲಿ ಮೊದಲ ಸಲ ಚುರುಕಾಗಿ ಜೇಬಿಗೆ ಕೈಹಾಕಿ ಚಿಪ್ಸಿನ ಪೊಟ್ಟಣ ತೆಗೆದು, ಬಾಯಿ ಅಗಲಿಸಿ ನಲ್ಲಿಯ ಕೆಳಗೆ ಹಿಡಿದರು. ಪೊಟ್ಟಣ ಹೊಟ್ಟೆ ಉಬ್ಬಿಸಿಕೊಂಡು ತುಂಬಿತು. ಮೂರು ಸಲ ತೊಳೆದದ್ದಲ್ಲವೇ, ಚೂರೂ ವಾಸನೆ ಇರಲಿಲ್ಲ. ಇಬ್ಬರೂ ಸರದಿಯಲ್ಲಿ ಕುಡಿದೆವು. ಹಿಂದೆ ಸಾಲಿನಲ್ಲಿದ್ದ ಕುಟುಂಬವೊಂದು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಪೊಟ್ಟಣವನ್ನು ಒದರಿ, ಮಡಚಿ, ಮತ್ತೆ ಜೇಬಿಗಿಟ್ಟುಕೊಂಡು ಸಂಜೆಯ ಬಸ್ಸಿಗೆ ಘಾಟಿ ಇಳಿದೆವು.

ಶನಿವಾರ

ಬೆಳಗ್ಗೆ ರತ್ನನ ಅಡುಗೆಮನೆಯಲ್ಲಿ ತೊಕ್ಕಿನ ಡಬ್ಬಿ ನನ್ನ ಕೈಜಾರಿ ಬಿತ್ತು. ತಳದಲ್ಲಿ ಉದ್ದಕ್ಕೆ ಸೀಳು ಬಿಟ್ಟಿತು. ತೊಕ್ಕನ್ನು ಭರಣಿಗೆ ಹಾಕಿದೆವು. ಸೀಳಿದ ಡಬ್ಬಿಯನ್ನು ನೋಡುತ್ತಾ ನನ್ನ ಮನಸ್ಸಿಗೆ ಒಂದು ಆಸೆ ಬಂತು. ಬುಧವಾರ ಹೋದ ಮರ್ಯಾದೆಯನ್ನು ಇದೇ ಡಬ್ಬಿಯಿಂದ ವಾಪಸು ತರಬೇಕು. ಗಡಿಯ ಹುಡುಗಿ ಹೇಳಿದ ಮಾತು ನೆನಪಾಗಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ನೆನಪಾಯಿತು. ಒಡೆದ ಡಬ್ಬಿಯನ್ನು ಹೊತ್ತುಕೊಂಡು ಹೋಗುವುದು ಯಾವ ಶಾಸ್ತ್ರ ಅಂತ ನಾನೇ ತೀರ್ಮಾನ ಕೊಟ್ಟುಕೊಂಡೆ.

ತೊಳೆದೆ. ತೊಳೆದೆ ಅಂದರೆ ತೊಳೆದೆ. ಸೀಗೆಪುಡಿ, ತೆಂಗಿನ ನಾರು, ಕುದಿಯುವ ನೀರು. ಮೂರು ಸಲ ಆಯಿತು, ಹಟಕ್ಕೆ ನಾಲ್ಕನೆಯ ಸಲವೂ ಡಬ್ಬಿಯನ್ನು ತಿಕ್ಕಿದೆ. ಮೂಸಿದರೆ ಮುಂಜಾನೆಯ ಗಾಳಿಯಷ್ಟು ಶುದ್ಧ. ಮುಚ್ಚಳವನ್ನೂ ತೊಳೆದೆ. ಮುಚ್ಚಳಕ್ಕೆ ಎರಡು ಪದರ, ಆ ಪದರಗಳ ನಡುವೆ ಸಂದಿ, ಆ ಸಂದಿಯಲ್ಲಿ ಒಂದು ವಾರದಿಂದ ಇಳಿದು ಕೂತ ಬೆಲ್ಲ, ಹುಣಸೆ, ಉಪ್ಪು. ಇದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮಾದೇವಿ ಬಂದಳು. ಡಬ್ಬಿಯನ್ನು ಮುಚ್ಚಳ ಹಾಕಿ ಪೂಜೆಯ ತಟ್ಟೆಯ ಹಾಗೆ ಎರಡು ಕೈಯಲ್ಲಿ ಹಿಡಿದು ಕೊಟ್ಟೆ. ಅವಳು ಮುಚ್ಚಳ ತೆಗೆದು ಮೂಸಿದಳು. ನನ್ನನ್ನು ನೋಡಿದಳು. ನಾನು ಎದೆ ಮುಂದೆ ಮಾಡಿ, ಕಣ್ಣಲ್ಲಿ ಕಣ್ಣಿಟ್ಟು ನಿಂತೆ. ಬೀದಿಯೆಲ್ಲ ನೋಡಲಿ ಅಂತಲೇ ನಿಂತಿದ್ದು. ಮಾದೇವಿ ತಲೆದೂಗಿ ಡಬ್ಬಿಯನ್ನು ಚೀಲಕ್ಕೆ ಹಾಕಿದಳು. ಮೈಸೂರಿನ ಮಾನ ಉಳಿಯಿತು. ಆ ಮಧ್ಯಾಹ್ನ ನಾನು ಎರಡು ತುತ್ತು ಜಾಸ್ತಿ ಉಂಡೆ.

ಭಾನುವಾರ

ಬೆಳಗ್ಗೆ ಏಳಕ್ಕೆ ಬೀದಿಯಲ್ಲಿ ಗುಜುಗುಜು. ಹೊರಗೆ ಬಂದರೆ ರತ್ನ ಸೆರಗು ಸಿಕ್ಕಿಸಿಕೊಂಡು ಶೆಡ್ಡಿನ ಕಡೆ ಓಡುತ್ತಿದ್ದಳು. ನಾವೂ ಓಡಿದೆವು.

ಶೆಡ್ಡಿನ ಒಂದು ಬದಿಯ ತಗಡು ಅಪ್ಪಳಿಸಿದ ಹಾಗೆ ಒಳಗೆ ಬಗ್ಗಿತ್ತು. ಚೀಲಗಳು ಹರಿದು ಹಾಲಿನ ಕವರುಗಳು ಬೇಲಿಯ ತುಂಬ ಹಾರಾಡುತ್ತಿದ್ದವು. ಕೆಸರಿನಲ್ಲಿ ಸಣ್ಣ ಮೊರದಷ್ಟು ಅಗಲದ ಹೆಜ್ಜೆಗಳು. ಇಷ್ಟು ಚೀಲಗಳಲ್ಲಿ ಅದು ಒಂದನ್ನು ಮಾತ್ರ ಎಳೆದು, ಬಿಚ್ಚಿ, ಹುಡುಕಿದೆ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಆ ಚೀಲದ ಪಕ್ಕದಲ್ಲಿ ಒಂದು ಮುಚ್ಚಳ ಬಿದ್ದಿತ್ತು. ಅಂಚನ್ನು ಅಗಿದು ಎರಡು ಪದರವನ್ನೂ ಬೇರೆ ಮಾಡಿತ್ತು. ಬೆಳ್ಳಿ ಮಾಮ ಬಗ್ಗಿ ಎತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು.

"ಸರೋಜ, ಮೈಸೂರು."

ಭೂಮಿ ಬಾಯಿ ಬಿಡಬಾರದೇ ಅಂತ ಅನ್ನಿಸಿದ್ದು ಅದೇ ಮೊದಲು. ನಮ್ಮನೆಯವರು ಆಕಾಶ ನೋಡಲಿಲ್ಲ, ನನ್ನ ಪಕ್ಕಕ್ಕೆ ಬಂದು ನಿಂತರು. ಅಷ್ಟಕ್ಕೆ ಅವರಿಗೆ ಚಿಪ್ಸಿನ ವಿಷಯ ಮಾಫಿ ಮಾಡಿದೆ.

ಆದರೆ ಮಾದೇವಿ ಮುಚ್ಚಳದ ಕಡೆ ನೋಡಲೇ ಇಲ್ಲ. ಅವಳು ಡಬ್ಬಿ ಹುಡುಕುತ್ತಿದ್ದಳು. ಮುಚ್ಚಳ ಸಿಕ್ಕಿದೆ, ಡಬ್ಬಿ ಎಲ್ಲಿ? ಆನೆ ನುಂಗಿದ್ದರೆ? ಅವಳ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಒಂದು ಆನೆಯ ಹೊಟ್ಟೆಗೆ ಪ್ಲಾಸ್ಟಿಕ್ ಹೋಗಿ ಅದು ನರಳಿದ್ದನ್ನು ಅವಳು ಹಿಂದೆ ಕಣ್ಣಾರೆ ಕಂಡಿದ್ದಳಂತೆ. ಎಲ್ಲರೂ ದಿಕ್ಕಿಗೊಬ್ಬರಂತೆ ಹುಡುಕಲು ಹೊರಟೆವು. ನಾನು ಮಾದೇವಿಯ ಹಿಂದೆ ಹೋದೆ. ಹಳ್ಳದ ಪಕ್ಕ ಹೆಜ್ಜೆ ಹಿಡಿದು ನಡೆಯುವಾಗ, ಬೇರೆ ಯಾರಿಗೂ ಕೇಳಿಸದಷ್ಟು ದೂರ ಬಂದ ಮೇಲೆ ನಾನು ಕೇಳಿದೆ. ಚಿಪ್ಸಿನ ವಾಸನೆ ಹಿಡಿದವಳಿಗೆ ತೊಕ್ಕಿನ ವಾಸನೆ ಹೇಗೆ ಸಿಗಲಿಲ್ಲ?

ಅವಳು ನಿಂತಳು. ಟೋಪಿ ತೆಗೆದು ಕೈಯಲ್ಲಿ ಹಿಂಡಿದಳು.

"ನಂಗೆ ವಾಸ್ನೆ ಗೊತ್ತಾಗಲ್ಲ ಕನಕ್ಕ. ಜ್ವರ ಬಂದು ಎದ್ಮೇಲೆ ಮೂಗು ಸತ್ತೋಯ್ತು. ಎರಡ್ ವರ್ಸ ಆಯ್ತು. ಮೂಸ್ದಂಗೆ ಮಾಡಿ ಮಕ ನೋಡ್ತೀನಿ. ತೊಳೀದಿರೋರ ಮಕ ಹೇಳ್ಬುಡ್ತದೆ."

ಬುಧವಾರ ಹೆಂಚು ಎಣಿಸುತ್ತಿದ್ದ ಮುಖ ನನ್ನ ಕಣ್ಣ ಮುಂದೆ ಬಂತು.

"ನನ್ನ ಮುಖ ಏನು ಹೇಳಿತು?" ಅಂದೆ.

"ನಿಮ್ ಮಕ ತೊಳ್ದಿದ್ದೀನಿ ಅಂತಲೇ ಹೇಳ್ತು. ಅಷ್ಟು ಧೈರ್ಯವಾಗಿ ಯಾರೂ ನಿಂತಿರ್ನಿಲ್ಲ."

ಕಳ್ಳರನ್ನೆಲ್ಲ ಹಿಡಿಯುತ್ತಿದ್ದ ಈ ಹೆಂಗಸು, ತನಗೆ ಎಲ್ಲ ಗೊತ್ತು ಅಂದುಕೊಂಡಿದ್ದ ಒಬ್ಬಳ ಮುಂದೆ ಸೋತಿದ್ದಳು. ಯಾರಿಗೂ ಹೇಳಬೇಡಿ ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಡಬ್ಬಿ ಸಿಕ್ಕಿದ್ದು ಇನ್ನೂ ಮುಂದೆ, ಒಂದು ಹುಣಸೆಮರದ ಬುಡದಲ್ಲಿ. ಆನೆ ಅದನ್ನು ತುಳಿದು ರೊಟ್ಟಿ ಮಾಡಿತ್ತು. ಮಾದೇವಿ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಮುರಿದ ಚೂರು ಯಾವುದೂ ಕಳೆದಿಲ್ಲ ಅಂತ ಒಂದೊಂದಾಗಿ ಜೋಡಿಸಿ ನೋಡಿದಳು. ಪೂರ್ತಿ ಇತ್ತು. ಆಗ ಅತ್ತಳು. ನಾನು ಅವಳ ಪಕ್ಕ ಕೂತು, ಏನು ಮಾಡಬೇಕೋ ತಿಳಿಯದೆ ಡಬ್ಬಿಯನ್ನು ಮೂಸಿದೆ. ವಾಸನೆಯೇ ಇಲ್ಲ. ಇಷ್ಟು ತಿಕ್ಕಿದರೂ ನನ್ನಿಂದ ಹೋಗದೆ ಮುಚ್ಚಳದ ಸಂದಿಯಲ್ಲಿ ಉಳಿದಿದ್ದ ತೊಕ್ಕನ್ನು ಆನೆ ಒಂದೇ ಸಲಕ್ಕೆ ನೆಕ್ಕಿ ಮುಗಿಸಿತ್ತು.

ಭಾನುವಾರ, ಟೀ ಅಂಗಡಿ

ಮಧ್ಯಾಹ್ನ ಬೆಳ್ಳಿ ಮಾಮನ ಅಂಗಡಿಯ ಮುಂದೆ ಬೀದಿಯವರೆಲ್ಲ ಸೇರಿದರು. ಬೆಂಚಿನ ಮೇಲೆ ಮುಚ್ಚಳ ಇಟ್ಟಿದ್ದರು, ನನ್ನ ಹೆಸರು ಮೇಲೆ ಮಾಡಿ. ಒಬ್ಬರು ಶೆಡ್ಡು ಇವತ್ತೇ ಮುಚ್ಚಿಬಿಡೋಣ ಅಂದರು. ಇನ್ನೊಬ್ಬರು, ಮಾದೇವಿ ಜವಾಬ್ದಾರಿ ಅಂದಿದ್ದಳಲ್ಲ, ಅವಳೇ ತಾನೇ ಒಳಗೆ ಬಿಟ್ಟಿದ್ದು ಅಂದರು. ಮಾದೇವಿ ಒಂದು ಕಂಬಕ್ಕೆ ಒರಗಿ ನಿಂತಿದ್ದಳು.

ನಾನು ಎದ್ದು ನಿಂತೆ. ಸಭೆಯಲ್ಲಿ ಮಾತಾಡುವುದು ನನಗೆ ಹೊಸದಲ್ಲ.

"ಈ ಡಬ್ಬಿ ಮಾದೇವಿ ಮೂಸಲಿಲ್ಲ. ಅವಳಿಗೆ ತೋರಿಸದೆ, ಅವಳು ಆ ಕಡೆ ತಿರುಗಿದಾಗ ನಾನೇ ಚೀಲಕ್ಕೆ ಹಾಕಿದೆ. ತೊಳೆದೂ ಇರಲಿಲ್ಲ."

ಕಸದ ವಿಷಯದಲ್ಲಿ ನಾನು ಆಡಿದ ಒಂದೇ ಒಂದು ಸುಳ್ಳು ಅದು. ತೊಳೆಯಲಿಲ್ಲ ಅನ್ನುವ ಕೊನೆಯ ಮಾತನ್ನಂತೂ ಬಾಯಿಂದ ನೂಕಿ ಹೊರಗೆ ಹಾಕಬೇಕಾಯಿತು. ಶನಿವಾರ ಬೀದಿಯೆಲ್ಲ ನೋಡಲಿ ಅಂತ ನಾನು ಎದೆಯುಬ್ಬಿಸಿ ನಿಂತದ್ದನ್ನು ಇವರೆಲ್ಲ ಬಾಗಿಲಲ್ಲಿ ನಿಂತು ನೋಡಿದ್ದರು ಅನ್ನುವುದು ನನಗೆ ಆಗ ಹೊಳೆಯಲೇ ಇಲ್ಲ. ರತ್ನ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾಚಿಕೆಯಿಂದ ಅಂದುಕೊಂಡೆ.

ಬೆಳ್ಳಿ ಮಾಮ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಬಡಗ ಮಾತಿನಲ್ಲಿ ನಿಧಾನವಾಗಿ ಹೇಳತೊಡಗಿದರು. ಆ ಮಾತು ನನಗೆ ಮುಕ್ಕಾಲು ಪಾಲು ತಿಳಿಯುತ್ತದೆ, ಉಳಿದದ್ದನ್ನು ರತ್ನ ಹೇಳಿದಳು. ತಪ್ಪು ಒಪ್ಪಿಕೊಂಡವರ ಮೇಲೆ ಮತ್ತೆ ಮಾತು ಬೆಳೆಸುವುದು ಬೇಡ. ಶೆಡ್ಡು ಇರಲಿ. ತಗಡನ್ನು ಎಲ್ಲರೂ ಸೇರಿ ಸರಿಮಾಡೋಣ. ಇನ್ನು ಮೇಲೆ ಮನೆಯವರೇ ಮಾದೇವಿಯ ಎದುರಿಗೆ ಮೊದಲು ಮೂಸಿ, ಮುಚ್ಚಳ ಗಿಚ್ಚಳ ಬಿಚ್ಚಿ ತೋರಿಸಿ ಕೊಡಲಿ. ಮೈಸೂರಿನ ಅಮ್ಮ ಹೋಗುವ ಮೊದಲು ಚೆಲ್ಲಿದ್ದನ್ನೆಲ್ಲ ಮತ್ತೆ ತೊಳೆದು ಒಣಹಾಕಲಿ.

ಸಂಜೆಯವರೆಗೆ ತೊಳೆದೆ. ನಮ್ಮನೆಯವರು ಕ್ಲಿಪ್ಪು ಹಾಕಿದರು. ಒಂದೊಂದು ಕವರನ್ನೂ ಮೂಸಿ ಮಾದೇವಿಗೆ ಕೊಟ್ಟೆ. ಅವಳು ನನ್ನ ಮುಖ ನೋಡಿ ತೆಗೆದುಕೊಂಡಳು. ಎರಡನ್ನು ವಾಪಸು ಕೊಟ್ಟಳು.

ಮತ್ತೆ ಗಡಿ, ಸೋಮವಾರ

ಗಡಿಯಲ್ಲಿ ಅದೇ ಹುಡುಗಿ. ಹೋಗುವವರನ್ನು ಅವರು ಅಷ್ಟಾಗಿ ತಪಾಸಣೆ ಮಾಡುವುದಿಲ್ಲ, ಆದರೆ ಕವರುಗಳ ಕವರಿನ ಅಮ್ಮನನ್ನು ಅವಳು ಮರೆತಿರಲಿಲ್ಲ. ಡಬ್ಬಿ ಅಂತ ಕೈಸನ್ನೆ ಮಾಡಿದಳು. ನಾನು ಪೇಪರಿನ ಗಂಟು ಬಿಚ್ಚಿ ತೋರಿಸಿದೆ. ರೊಟ್ಟಿಯಾದ ಡಬ್ಬಿ, ಅಗಿದ ಮುಚ್ಚಳ, ಮೇಲೆ ನನ್ನ ಹೆಸರು. ಅವಳು ಅದನ್ನೂ ನನ್ನನ್ನೂ ನೋಡಿದಳು. ಗೇಟು ಎತ್ತಿಸಿದಳು. ಚಿಪ್ಸಿನ ಪೊಟ್ಟಣವೂ ಜೇಬಿನಲ್ಲೇ ನಮ್ಮ ಜೊತೆ ವಾಪಸು ಬಂತು.

ಮೈಸೂರು

ಮುಚ್ಚಳ ಈಗ ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದೆ, ಮೊದಲು ಕವರುಗಳ ಕವರು ಇದ್ದ ಜಾಗದಲ್ಲಿ. ಸಂಘದ ಸಭೆಯಲ್ಲಿ ನಾನು ಸ್ವಲ್ಪ ಕಡಿಮೆ ಮಾತಾಡುತ್ತಿದ್ದೇನೆ ಅಂತ ಎದುರು ಮನೆಯವರು ಆರೋಗ್ಯ ವಿಚಾರಿಸಿದರು. ಮಾದೇವಿಯ ಗುಟ್ಟನ್ನು ನಾನು ಯಾರಿಗೂ ಹೇಳಿರಲಿಲ್ಲ. ಇದನ್ನು ಬರೆಯುವುದಿಲ್ಲ ಅಂತಲೂ ತೀರ್ಮಾನ ಮಾಡಿದ್ದೆ.

ಹೋದ ವಾರ ರತ್ನ ಫೋನು ಮಾಡಿದಳು. ತಗಡು ಹೊಸದಾಗಿ ಹಾಕಿದ್ದಾರೆ, ಆನೆ ಬಂದಿಲ್ಲ, ಲಾರಿ ಬಂದು ಎಲ್ಲ ತುಂಬಿಕೊಂಡು ಹೋಯಿತು ಅಂದಳು. ನಾನು ಹುಷಾರಾಗಿ, ಮಾದೇವಿಯ ಮೂಗು ಹೇಗಿದೆ ಅಂತ ಕೇಳಿದೆ. ಆ ಕಡೆಯಿಂದ ನಗು ಕೇಳಿಸಿತು.

"ಅವ್ಳಿಗೆ ವಾಸ್ನೆ ಗೊತ್ತಾಗಲ್ಲ ಅಂತ ನಮ್ ಬೀದೀಗೆಲ್ಲ ಗೊತ್ತು ಕಣಕ್ಕ. ಜ್ವರ ಬಂದಾಗ ಅವ್ಳಿಗೆ ಗಂಜಿ ಕೊಟ್ಟೋರೇ ನಾವು. ಹಳಸಿದ್ದೋ ಬಿಸಿಯದೋ ಗೊತ್ತಾಗ್ದೆ ಕುಡೀತಿದ್ಲು. ಗೊತ್ತಿದೆ ಅಂತ ಅವ್ಳಿಗೆ ಮಾತ್ರ ಗೊತ್ತಿಲ್ಲ. ನಿಂಗೆ ಹೇಳಿದ್ರೆ ನೀನು ಅಲ್ಲೇ ಒಂದು ಭಾಷಣ ಮಾಡ್ತಿದ್ದೆ."

ಹಾಗಾದರೆ ಟೀ ಅಂಗಡಿಯ ಮುಂದೆ ನಾನು ಹೇಳಿದ ಆ ಸುಳ್ಳು?

"ಎಲ್ರೂ ನಗು ತಡ್ಕೊಂಡಿದ್ದು ಹೆಂಗೆ ಅಂತ ನಮಗೇ ಗೊತ್ತು. ಬೆಳ್ಳಿ ಮಾಮ ಆವತ್ತಿಂದ ನಿನ್ನನ್ನ ನಮ್ಮೂರ ಅಮ್ಮ ಅಂತಾರೆ."

ಮತ್ತೆ ಯಾಕೆ ನೀವೆಲ್ಲ ಅವಳ ಮುಂದೆ ಚೀಲ ಹಿಡಿದು ನಿಲ್ಲುತ್ತೀರಿ, ಯಾಕೆ ಅವಳಿಂದ ಮೂಸಿಸುತ್ತೀರಿ ಅಂತ ಕೇಳಿದೆ.

"ಮೊದ್ಲು ಒಂದ್ಸಲ ತೊಳೀತಿದ್ವಿ ಅಕ್ಕ. ಅವ್ಳ ಮೂಗು ಹೋದ್ಮೇಲೆ ಮೂರು ಸಲ ತೊಳ್ಯಕ್ಕೆ ಶುರು ಮಾಡಿದ್ವಿ."

ಫೋನಿಟ್ಟೆ. ಸಿಂಕಿನ ಪಕ್ಕ ಬೆಳಗಿನ ಹಾಲಿನ ಕವರು ಒಂದು ಸಲ ತೊಳೆದು ಮಡಚಿಟ್ಟಿದ್ದು ಇತ್ತು. ತೊಳೆದವರು ಯಾರು ಅಂತ ಕೇಳಿದೆ. ನಮ್ಮನೆಯವರು ಪೇಪರು ಇಳಿಸಿ, ನಾನೇ, ಚೆನ್ನಾಗಿ ತೊಳೆದಿದ್ದೀನಿ ಅಂತ ನನ್ನ ಕಣ್ಣಲ್ಲೇ ಕಣ್ಣಿಟ್ಟು ಹೇಳಿದರು, ಛಾವಣಿ ನೋಡಲಿಲ್ಲ. ನಾನು ಕವರನ್ನು ಬಿಡಿಸಿ, ಒಳಮೈ ಹೊರಗೆ ತಿರುವಿ, ನಲ್ಲಿಯ ಕೆಳಗೆ ಇನ್ನೆರಡು ಸಲ ತೊಳೆದೆ.